ಹಾರದ ಹಿಂದಿನ ಗ್ಲಾಸು

ಹತ್ತಿ ಬಿಡಿಸುವ ಹಂಗಾಮು. ನೀಲವ್ವ ಹೊಲ ಬಿಟ್ಟು ಮನೆ ಸಾರಿಸಿದ್ದಳು. ಮಗಳನ್ನು ನೋಡಲು ಗಂಡಿನವರು ಬಂದಿದ್ದರು.

ಸತ್ತ ಗಂಡ ಒಂದೂ ಫೋಟೋ ತೆಗೆಸಿರಲಿಲ್ಲ. ಅಪ್ಪ ಹೇಗಿದ್ದ ಎಂದು ಮಗಳು ಚಿಕ್ಕಂದಿನಲ್ಲಿ ಅತ್ತಾಗ, ಹಳೇ ಪೇಪರಿನ ವಿಸ್ಕಿ ಜಾಹೀರಾತಿನಿಂದ ಕೋಟು ತೊಟ್ಟ ಚೆಲುವನನ್ನು ಕತ್ತರಿಸಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ಅವನ ಕೈಯ ಗ್ಲಾಸನ್ನು ಹಾರ ಮುಚ್ಚಿತ್ತು. ಅದು ಬಯಲಾದರೆ ಸಂಬಂಧ ಮುರಿದಂತೆಯೇ.

ಗಂಡಿನ ತಾಯಿ, ಆಕೆಯೂ ವಿಧವೆ, ಗೋಡೆಯನ್ನೇ ದಿಟ್ಟಿಸಿದಳು.

"ಸಾಹೇಬ್ರಂಗ ಅದಾರಲ್ಲ, ಯಾರ್ರಿ ಇವರು?"

"ನಮ್ಮ ಮನಿಯವರ್ರಿ." ನೀಲವ್ವ ಎದ್ದು ಹಾರವನ್ನು ಸರಿಮಾಡಿದಳು.

ಗಂಡಿನ ತಾಯಿ ಗಡಬಡಿಸಿ ಎದ್ದಳು. "ಹುಡುಗಿ ನಮಗ ಒಪ್ಪಿಗಿ. ಏಳಪಾ, ಹೊತ್ತಾತು."

ಮಗ ಮಾತ್ರ ಫೋಟೋದ ಮುಂದೆ ನಿಂತುಬಿಟ್ಟಿದ್ದ.

"ಯವ್ವಾ, ನಮ್ಮಪ್ಪನ ಫೋಟೋ ಇವರ ಮನ್ಯಾಗ ಹೆಂಗ ಬಂತು?"