ದಾರಿಯಲ್ಲಿ ನಿಂತಿದ್ದ ಕಂಬಳಿ

ಒದ್ದೆ ಕಂಬಳಿಯ ವಾಸನೆ ಬಂದರೆ ಈಗ ಲಾರಿ ಓಡಿಸುವಾಗಲೂ ನನ್ನ ಕಾಲು ಬ್ರೇಕಿಗೆ ಹೋಗುತ್ತದೆ.

ನಾನು ಹುಡುಗನಿದ್ದಾಗ ಒಂದು ಮಧ್ಯಾಹ್ನ, ಜ್ವರದಲ್ಲಿ ಕಣ್ಣು ಮೇಲೆ ಮಾಡಿದ್ದ ತಂಗಿಯನ್ನು ಅಪ್ಪನ ಟೆಂಪೊದಲ್ಲಿ ಕೂಡ್ಲಿಗಿ ಆಸ್ಪತ್ರೆಗೆ ಒಯ್ಯುತ್ತಿದ್ದೆವು. ಗುಡ್ಡದ ದಾರಿ, ಗಾಜಿನಾಚೆ ಬರೀ ಮಳೆ. ಇಳಿಜಾರಿನ ತಿರುವಿನಲ್ಲಿ ತಲೆ ಮುಚ್ಚುವಂತೆ ಕಂಬಳಿ ಕೊಪ್ಪೆ ಹಾಕಿಕೊಂಡ ಒಬ್ಬ ನಡುರಸ್ತೆಯಲ್ಲಿ ನಿಂತಿದ್ದ. ಅಪ್ಪ ಎಷ್ಟು ಹಾರ್ನ್ ಒತ್ತಿದರೂ ಅಲುಗಲಿಲ್ಲ.

“ಕುಡುದು ನಿಂತಾನ ಇವ. ಬಾಜೂಕ ತಗಂಡು ಹೋಗಿಬಿಡ್ತೀನಿ, ಕೂಸಿನ್ನ ಗಟ್ಟಿ ಹಿಡ್ಕಾ,” ಎಂದ ಅಪ್ಪ.

“ಬ್ಯಾಡ್ರಿ. ಅವನ ಮುಖಾನ ಕಾಣವಲ್ದು,” ಎಂದಳು ಅವ್ವ, ತಂಗಿಯ ಕಣ್ಣಿಗೆ ಸೆರಗು ಮುಚ್ಚಿ.

ನಾನೇ ಇಳಿದು ಹೋದೆ. ಕೊಪ್ಪೆಯೊಳಗೆ ಮನುಷ್ಯನಿರಲಿಲ್ಲ. ರಸ್ತೆಯ ಬಿರುಕಿಗೆ ನೆಟ್ಟ ಕೋಲಿಗೆ ಯಾರೋ ಕಂಬಳಿ ಹೊದಿಸಿದ್ದರು. ಕುರಿ ಕಾಯುವವರು ಹಿಂಡು ಬಿಟ್ಟು ಆಚೀಚೆ ಹೋಗುವಾಗ ಹೀಗೆ ಮಾಡುತ್ತಾರೆ. ಯಜಮಾನ ಅಲ್ಲೇ ಇದ್ದಾನೆಂದು ಕುರಿಗಳು ಕದಲುವುದಿಲ್ಲ. ಮುಟ್ಟಿ ನೋಡಿದೆ. ಒಳಗಡೆ ಇನ್ನೂ ಬೆಚ್ಚಗಿತ್ತು.

ಅಲ್ಲಿಂದ ಹತ್ತು ಹೆಜ್ಜೆಗೆ ರಸ್ತೆಯೇ ಇರಲಿಲ್ಲ. ಹಳ್ಳ ಅದನ್ನು ಕಿತ್ತುಕೊಂಡು ಕೆಂಪಗೆ ಹರಿಯುತ್ತಿತ್ತು.

ಅಪ್ಪ ಇಳಿದು ಬಂದು ಹಳ್ಳವನ್ನೂ ಕಂಬಳಿಯನ್ನೂ ನೋಡಿದ. ಆಮೇಲೆ, “ಎಲ್ಲಿ ಅದೀಯೋ ಯಪ್ಪಾ? ಒಂದು ಮಾತು ಆಡಪಾ,” ಎಂದು ನಾಲ್ಕೂ ದಿಕ್ಕಿಗೆ ಕೂಗಿದ. ಯಾರೂ ಓಗೊಡಲಿಲ್ಲ.

ಕಂಬಳಿಯನ್ನು ಹಾಗೇ ಬಿಟ್ಟು ಅಪ್ಪ ಗಾಡಿ ಹಿಂದಕ್ಕೆ ತೆಗೆದ. ಸುತ್ತಿನ ದಾರಿ ಹಿಡಿದು ಹೊತ್ತು ಮುಳುಗುವ ಮೊದಲು ಆಸ್ಪತ್ರೆ ಮುಟ್ಟಿದೆವು, ತಂಗಿ ಉಳಿದಳು.

ಆದರೆ ಅಲ್ಲಿ ಗಾಡಿ ತಿರುಗುವಾಗ ದಿಬ್ಬದ ಮೇಲೆ ಕುರಿಗಳು ಕಂಡಿದ್ದವು. ಒಂದೂ ಕದಲದೆ ನಿಂತಿದ್ದವು. ಕಂಬಳಿಯ ಕಡೆ ಒಂದೂ ನೋಡುತ್ತಿರಲಿಲ್ಲ. ಎಲ್ಲವೂ ಹಳ್ಳದ ನೀರನ್ನೇ ನೋಡುತ್ತಿದ್ದವು.