ಗೋಡೆಯ ಮೇಲಿನ ಎರಡು ಸ್ಟಿಕ್ಕರ್

ಕನ್ನಡಿಗೆ ಅಂಟಿಸಿದ ಹಣೆಯ ಸ್ಟಿಕ್ಕರನ್ನು ಈಗಲೂ ನಾನು ಮುಟ್ಟುವುದಿಲ್ಲ. ಮುಟ್ಟಿದರೆ ಪೀಣ್ಯದ ಒಂದು ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಅಪ್ಪನ ಬಲಭುಜದಲ್ಲಿ ಹರಿದಿದ್ದ ಸ್ನಾಯುವನ್ನು ಆಪರೇಷನ್ ಮಾಡಿ ಹೊಲಿದಿದ್ದರು. ಕಾರ್ಖಾನೆಯ ಪ್ರೆಸ್ ಮಷಿನ್ ಎರಡೂ ಕೈಯಿಂದ ಎರಡು ಬಟನ್ ಒಟ್ಟಿಗೆ ಒತ್ತಿದರಷ್ಟೇ ಬಡಿಯುತ್ತಿತ್ತು. ಅದಕ್ಕೇ ಅಪ್ಪ ಮತ್ತೆ ಕೆಲಸಕ್ಕೆ ಹೋಗಲು, ಆ ಬಟನ್‌ಗಳಷ್ಟೇ ಎತ್ತರಕ್ಕೆ ಗೋಡೆಗೆ ಅಮ್ಮನ ಎರಡು ಸ್ಟಿಕ್ಕರ್ ಅಂಟಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಮಷಿನ್ ನಾನು. ಎರಡನ್ನೂ ಮುಟ್ಟಿದಾಗ ‘ಧಡ್’ ಅನ್ನುವುದು ನನ್ನ ಕೆಲಸ. ಇಡೀ ಪೀಣ್ಯದಲ್ಲಿ ನನ್ನಷ್ಟು ಕೆಟ್ಟ ಮಷಿನ್ ಇನ್ನೊಂದಿರಲಿಲ್ಲ.

ಅಪ್ಪನ ಬಲಗೈ ಸ್ಟಿಕ್ಕರಿಗಿಂತ ಗೇಣು ಕೆಳಗೇ ನಿಂತಿತು. ಕಾಯಲಾರದೆ ನಾನು ‘ಧಡ್!’ ಅಂದುಬಿಟ್ಟೆ.

“ಲೋ, ಮುಟ್ಟೋಕ್ ಮುಂಚೆ ಹೊಡೀಬೇಡ ಕಣೋ. ಇಂಥ ಮಷಿನ್ನೇ ಕೈ ತಿನ್ನೋದು,” ಅಂದರು ಅಪ್ಪ.

ಅಡುಗೆಮನೆಯಿಂದ ಬಂದ ಅಮ್ಮ ಆ ಸ್ಟಿಕ್ಕರ್ ಕಿತ್ತು, ಅವರ ಬೆರಳು ನಿಂತಿದ್ದ ಜಾಗಕ್ಕೇ ಅಂಟಿಸಿದಳು. “ಈಗ ಒತ್ರೀ.”

ಅಪ್ಪ ಒತ್ತಲಿಲ್ಲ.

“ಫ್ಯಾಕ್ಟ್ರೀಲಿ ಬಟನ್ ಯಾರೇ ಇಳಿಸಿಕೊಡ್ತಾರೆ?”