ಅಳಿಸದ ಕೆನ್ನೆ

ಫೋಟೋದಲ್ಲಿ ಮೊಮ್ಮಗಳ ಎಡಗೆನ್ನೆಯ ಮೊಡವೆಗಳನ್ನೆಲ್ಲ ಅಳಿಸಿ ಮುಗಿಸಿ ಹಣೆಗೆ ಕೈಹಾಕುವ ಹೊತ್ತಿಗೆ ಬೆನ್ನ ಹಿಂದೆ ಸೊಸೆಯ ದನಿ ಕೇಳಿತು. "ಮಾವ, ಯಾರ ಮಗು ಇದು?"

ಸ್ಟುಡಿಯೋದ ಯಜಮಾನರು ಕಂಪ್ಯೂಟರಿನ ಪರದೆಯಿಂದ ತಲೆಯೆತ್ತಿದರು. "ನಿನ್ನ ಮಗಳೇ ಕಣಮ್ಮ. ಸ್ವಲ್ಪ ಮುಖ ತೊಳೆದೆ, ಅಷ್ಟೇ," ಎಂದು ನಕ್ಕರು. ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ಸೊಸೆ ನಗಲಿಲ್ಲ.

ತಪ್ಪು ಯಜಮಾನರದಲ್ಲ, ಅವರ ಕೈಯದು. ಮದುವೆಯ ಹೆಣ್ಣಿರಲಿ, ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ಬಂದ ಮುದುಕರಿರಲಿ, ಮುಖದ ಮೇಲೊಂದು ಚುಕ್ಕೆ ಕಂಡರೆ ಅದು ತಾನಾಗಿ ಹೋಗಿ ಒರೆಸಿಬಿಡುತ್ತಿತ್ತು. ಬೀದಿಗೆ ಮುಖಮಾಡಿದ ಗಾಜಿನೊಳಗೆ ತೂಗುಹಾಕಿದ ಫೋಟೋಗಳಲ್ಲಿ ಸಾಸಿವೆಯಷ್ಟೂ ಕಲೆಯಿರಲಿಲ್ಲ. ಅದೇ ಅವರ ಹೆಸರು, ಅದೇ ಅವರ ಅನ್ನ. ಈಗ ಆ ಗಾಜಿನ ನಟ್ಟನಡುವೆ ಮೊಮ್ಮಗಳನ್ನು ಹಾಕುವ ಆಸೆ. ಆದರೆ ಮಗುವಿಗೆ ತಿಂಗಳು ತುಂಬುವ ಮೊದಲೇ ಕೆನ್ನೆ, ಹಣೆ, ಗಲ್ಲದ ಮೇಲೆಲ್ಲ ಕೆಂಪು ಗುಳ್ಳೆ ಎದ್ದಿದ್ದವು.

"ಹೆತ್ತವರಿಗೆ ಹೆಗ್ಗಣ ಮುದ್ದು, ನಂಗೊತ್ತು. ಬೀದೀಲಿ ಹೋಗೋರು ಏನಂತಾರೆ? ಸ್ವಂತ ಮೊಮ್ಮಗಳ ಮುಖಾನೇ ತಿದ್ದೋಕೆ ಬರಲ್ಲ ಇವನಿಗೆ ಅನ್ನಲ್ವಾ? ನನ್ನ ಹೊಟ್ಟೆ ಮೇಲೆ ನಾನೇ ಹೊಡ್ಕೊಂಡ ಹಾಗೆ."

"ತಿದ್ದೋಕೆ ಅದು ತಪ್ಪಲ್ಲ ಮಾವ." ಸೊಸೆ ಸ್ಟೂಲ್ ಎಳೆದುಕೊಂಡು ಕೂತಳು. "ಗುಳ್ಳೆ ಎದ್ದ ದಿನ ನಿಮ್ಮ ಹಳೇ ಆಲ್ಬಮ್ ಎಲ್ಲ ಹರಡ್ಕೊಂಡು ಕೂತಿದ್ದೆ. ಒಂದಾದ್ರೂ ಮಗೂಗೆ ಹೀಗಾಗಿದೆಯಾ ಅಂತ. ಎಲ್ಲಾ ಬೆಣ್ಣೆ ಮುದ್ದೆಗಳೇ. ನನ್ನ ಹಾಲೇ ಸರಿಯಿಲ್ಲ, ನಾನೇ ಏನೋ ತಿಂದು ಹೀಗಾಯ್ತು ಅಂದ್ಕೊಂಡು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ."

ಯಜಮಾನರ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಈ ಹುಡುಗಿ ಅತ್ತದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ಕಂಡದ್ದೇ ಬೇರೆ. ಮಗುವನ್ನು ನೋಡಲು ಬಂದವರೆಲ್ಲ ತಲೆಗೊಂದು ಔಷಧಿ ಹೇಳಿದ್ದರು. ಎಣ್ಣೆ ತಿಕ್ಕು, ಪೌಡರ್ ಮೆತ್ತು. ಹಿಸುಕಿದರೆ ಒಣಗುತ್ತದೆ ಎಂದು ಉಗುರು ಮುಂದೆ ತಂದವರೂ ಇದ್ದರು. ಸೊಸೆ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಮಕ್ಕಳ ಡಾಕ್ಟರಿಗೆ ತೋರಿಸಿ ಬಂದವಳು, ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಮುಖ ತೊಳೆದು ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸುತ್ತಿದ್ದಳು. "ತಾನಾಗಿ ಬಂದದ್ದು ತಾನಾಗೇ ಹೋಗುತ್ತಂತೆ. ಕೀವು ತುಂಬಿದ್ರೆ, ಜ್ವರ ಬಂದ್ರೆ ಕರ್ಕೊಂಡು ಬನ್ನಿ ಅಂದಿದ್ದಾರೆ," ಎಂದು ಅತ್ತೆಯ ಕೈಯಿಂದ ಎಣ್ಣೆಯ ಬಾಟಲಿ ಇಸಿದುಕೊಂಡು ಬೀರುವಿನ ಮೇಲಿಟ್ಟಿದ್ದಳು. ಏನಾದರೂ ಮಾಡುವುದು ಯಾರಿಗೂ ಬರುತ್ತದೆ. ಅಷ್ಟು ಬಾಯಿಗಳ ನಡುವೆ ಏನೂ ಮಾಡದೆ ಇರಲು ಎಂಟೆದೆ ಬೇಕು. ಅವಳ ಮೇಲೆ ಯಜಮಾನರಿಗೆ ಆಗಲೇ ಗೌರವವಿತ್ತು. ಆ ಎದೆಯಲ್ಲಿ ಭಯವೂ ಇತ್ತೆಂದು ತಿಳಿದ ಮೇಲೆ ಅದು ದುಪ್ಪಟ್ಟಾಯಿತು.

"ಅವತ್ತು ಒಂದೇ ಒಂದು ಫೋಟೋದಲ್ಲಿ ಇಂಥ ಕೆನ್ನೆ ಕಂಡಿದ್ರೆ ನಾನು ಅಳ್ತಿರಲಿಲ್ಲ," ಎಂದಳು ಸೊಸೆ.

ಯಜಮಾನರು ತಿದ್ದಿದ್ದನ್ನೆಲ್ಲ ರದ್ದುಮಾಡಿದರು. ತೆಗೆದ ಹಾಗೇ ಇದ್ದ ಫೋಟೋವನ್ನು ದೊಡ್ಡದಾಗಿ ಅಚ್ಚುಹಾಕಿ ಗಾಜಿನ ನಟ್ಟನಡುವೆ ತೂಗುಹಾಕಿದರು. ಪಕ್ಕದಂಗಡಿಯ ದರ್ಜಿ, "ಏನ್ ಸಾರ್, ಕಣ್ಣು ಮಂಜಾಯ್ತಾ?" ಎಂದು ಕಿಚಾಯಿಸಿದ. ಮರುದಿನ ಬೆಳಗಿನಿಂದ ಒಬ್ಬ ಗಿರಾಕಿಯೂ ಒಳಗೆ ಬರದಿದ್ದಾಗ ಅದನ್ನು ಇಳಿಸಿಬಿಡಲು ಎದ್ದರು, ಸೊಸೆಯ ಮುಖ ನೆನಪಾಗಿ ಕೂತರು.

ಮಧ್ಯಾಹ್ನ ಒಬ್ಬ ಹೆಂಗಸು ಗಾಜಿನ ಮುಂದೆ ಬಹಳ ಹೊತ್ತು ನಿಂತು ಕೊನೆಗೆ ಒಳಗೆ ಬಂದಳು. ಅವಳ ತೋಳಿನಲ್ಲಿದ್ದ ಎಳೆಗೂಸಿನ ಮುಖಕ್ಕೆ ಬಟ್ಟೆ ಮುಚ್ಚಿತ್ತು.

"ಆ ಮಗೂಗೆ ಏನು ಹಚ್ಚಿದ್ರಿ?"

"ಮಗೂಗೂ ಏನೂ ಹಚ್ಚಲಿಲ್ಲ, ಫೋಟೋಗೂ ಹಚ್ಚಲಿಲ್ಲ ತಾಯಿ. ಎರಡಕ್ಕೂ ನನ್ನ ಸೊಸೆ ಬಿಡಲಿಲ್ಲ. ಈಗ ಅರ್ಧಕ್ಕರ್ಧ ಹೋಗಿದೆ. ನೀವೂ ಒಮ್ಮೆ ಡಾಕ್ಟರಿಗೆ ತೋರಿಸ್ಕೊಳ್ಳಿ."

ಹೆಂಗಸು ಮತ್ತೊಮ್ಮೆ ಗಾಜಿನ ಕಡೆ ತಿರುಗಿ ನೋಡಿದಳು. ಆಮೇಲೆ ಕೂಸಿನ ಮುಖದ ಬಟ್ಟೆ ಸರಿಸಿದಳು.

"ಹಾಗಾದ್ರೆ ಇವನದೂ ಒಂದು ತೆಗೀರಿ. ಏನೂ ಅಳಿಸ್ಬೇಡಿ."